ಹೆಣ್ಮಕ್ಕಳನ್ನ ಶಿಬಿರಕ್ಕ ಕರಿಯೋದಂದ್ರ

ಮಂದಿಗೆ ತಿಳಿಯೂ ಹಂಗ ಸುದ್ದಿ ಮುಟ್ಟಸೋದು ನನ್ನ ಕೆಲಸ. ನಾ ಒಂದು ಹೇಳೋದು, ಮಂದಿ ಇನ್ನೊಂದು ಮಾಡೋದು, ಇದು ನನ್ನ ನಿತ್ಯದ ಹಣೇಬರ. ಈ ಸಲದ್ದು ಹೆಣ್ಮಕ್ಕಳ ರಕ್ತ ತಪಾಸಣಿ ಶಿಬಿರ. ನಮ್ಮ ಕಡೆ ರಕ್ತ ಕಡಿಮಿಯಾಗಿ ತಲಿ ತಿರುಗಿ ಬೀಳೋರು ಭಾಳ. ಆದ್ರೂ ಡಾಕ್ಟರಬಾಯಾರು ಮೊದಲ ಹೇಳಿಬಿಟ್ಟಿದ್ರು, ಶಿಬಿರ ಇಟ್ಟ ಮೂರೂ ಊರಾಗ ಹೆಣ್ಮಕ್ಕಳು ಬರಲಿಲ್ಲಂದ್ರ ತಪಾಸಣಿ ಗಾಡಿ ಬ್ಯಾರೆ ಜಿಲ್ಲಾಕ್ಕ ಹೋಗ್ತೈತಿ ಅಂತ.

ಶಿರಹಟ್ಟ್ಯಾಗ

ದೊಡ್ಡ ಬ್ಯಾನರ್ ಕಟ್ಟಿಸಿದೆ. ನಗೋ ಹೆಣ್ಮಗಳು, ಕೆಂಪು ಹನಿ, ದಪ್ಪ ಅಕ್ಷರ. ಶಿಬಿರದ ದಿನ ಹೋದ್ರ ಬ್ಯಾನರೂ ಇಲ್ಲ, ಮಂದೀನೂ ಇಲ್ಲ. ಹುಡುಕಿದ್ರ ಒಂದು ಮಾಳಗಿ ಮ್ಯಾಲ ಸಿಕ್ತು, ಅದರ ತುಂಬ ಸಂಡಿಗಿ ಒಣಗಾಕ ಹಾಕಿದ್ರು. ನನಗ ಸಿಟ್ಟು ನೆತ್ತಿಗೇರ್ತು. ಆ ಮನಿಯಾಕಿ ಮಾತ್ರ ಬಾಯಿ ತುಂಬ ಹೊಗಳಿದಳು.

"ಭಾಳ ಛಲೋ ಐತ್ರಿ ನಿಮ್ಮ ಬ್ಯಾನರ್. ಒಂದೂ ಸಂಡಿಗಿ ಅಂಟಿಲ್ಲ. ಹಪ್ಪಳಕ್ಕ ಇನ್ನೊಂದು ಕೊಡ್ರಿ."

ಲಕ್ಷ್ಮೇಶ್ವರದಾಗ

ಬ್ಯಾನರಿನ ಸಹವಾಸ ಸಾಕು ಅಂತ ಆಟೋಕ್ಕ ಮೈಕ್ ಕಟ್ಟಿ, ಮನೀಗೊಬ್ಬ ಹೆಣ್ಮಗಳು ತಪ್ಪದ ಬರಬೇಕು ಅಂತ ಓಣಿ ಓಣಿ ಕೂಗಿಸಿದೆ. ಶಿಬಿರದ ದಿನ ಉದ್ದಕ ನಿಂತ ಪಾಳಿ ನೋಡಿ ಎದಿ ಹಿಗ್ಗಿತು. ಹತ್ರ ಹೋದ್ರ ಬರೇ ಗಂಡಸರು. ರೇಷನ್ ಪಾಳಿಗೆ ಮನಿಯವರು ಯಾರ ಹೋದ್ರೂ ನಡಿತೈತಲ್ಲ, ಇದೂ ಹಂಗ ಅಂತ ತಿಳಿದಿದ್ರು. ಮುಂದ ನಿಂತಾಂವ ಬೆರಳು ಚಾಚಿ, ನಮ್ಮಾಕಿ ಹೊಲಕ್ಕ ಹೋಗ್ಯಾಳ್ರಿ, ಆಕಿ ಪಾಲಿಂದು ನನ್ನ ಮೈಯಾಗಿಂದ ತಗೋರಿ ಅಂದ.

ಬಾಳೆಹೊಸೂರಾಗ

ಇದೊಂದ ಊರು ಉಳಿದಿತ್ತು. ಗುಡಿ ಕಟ್ಟಿ ಮ್ಯಾಲ ಕುಂತಿದ್ದ ಅಜ್ಜಿಗೆ ನನ್ನ ಗೋಳು ಹೇಳಿಕೊಂಡೆ.

"ಮೈಕಿನಾಗ ಕರದ್ರ ಯಾವಾಕಿ ಬರ್ತಾಳ ಯವ್ವಾ? ಮನೀಗೆ ಹೋಗಿ ಕುಂಕುಮ ಹಚ್ಚಿ ಕರಿ."

ಆತು ಅಂತ ಆಕೀನ್ನ ಕರಕೊಂಡು ಮನಿ ಮನಿಗೆ ಹೋಗಿ ಕುಂಕುಮ ಹಚ್ಚಿ ಕರದೆ.

ಮರುದಿನ ನಾ ಬಾಯಿ ತೆರದು ನಿಂತೆ. ಓಣಿ ತುಂಬ ಇಲಕಲ್ ಸೀರಿ! ಅತ್ತಿ, ಸೊಸಿ, ಬಸುರಿ, ಹೊಲದ ಕೆಲಸ ಬಿಟ್ಟಾಕಿ, ಯಾರೂ ಮನ್ಯಾಗ ಉಳಿದಿರಲಿಲ್ಲ. ಕುಂಕುಮ ಹಚ್ಚಿ ಕರದ ಮ್ಯಾಲ ಬರಿಗೈಲೆ ಬರ್ತಾರೇನು? ಡಾಕ್ಟರಬಾಯಾರನ್ನ ಕಟಗಿ ಮಣಿ ಮ್ಯಾಲ ಕುಂಡ್ರಿಸಿ, ಅಕ್ಕಿ, ಕೊಬ್ರಿ, ಕುಬಸ ಹಾಕಿ ಉಡಿ ತುಂಬೇ ಬಿಟ್ರು. ಬಾಯಾರ ಕಣ್ಣಾಗ ನೀರು ಬಂತು. ಆಮ್ಯಾಲ ಒಬ್ಬೊಬ್ಬರಾಗಿ ಬೆರಳು ಚಾಚಿದ್ರು. ಖರೇನ ಹೇಳ್ತೀನಿ, ನನ್ನ ಮೈ ಜುಮ್ಮಂತು. ಗಾಡಿ ಇನ್ನ ಎಲ್ಲೂ ಹೋಗಂಗಿಲ್ಲ ಅಂತ ಬಾಯಾರು ಅಲ್ಲೇ ಹೇಳಿದ್ರು.

ತಪಾಸಣಿ ಮುಗೀತು. ಒಬ್ಬಾಕಿನೂ ಏಳವಲ್ಲಳು, ಎಲ್ಲಾರೂ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕುಂತುಬಿಟ್ಟಾರ. ಎಲ್ಲಾ ಆತು, ಇನ್ನ ಮನೀಗೆ ಹೋಗ್ರಿ ಅಂದೆ. ಅಜ್ಜಿ ನನ್ನ ಮಾರಿ ನೋಡಿದಳು.

"ಕರದಿ, ಬಂದ್ವಿ. ರಕ್ತಾನೂ ಕೊಟ್ವಿ. ಊಟಕ್ಕ ಎಲಿ ಯಾವಾಗ ಹಾಕ್ತಿ ಯವ್ವಾ?"