ಆರನೆಯ ಪಾಠದ ನಿದ್ದೆ

ಕಾಂಪೌಂಡರನ ಕಷ್ಟಕ್ಕೆಲ್ಲ ಕಾರಣ ಆ ಹೆಂಗಸಿನ ದನಿ. ಟ್ಯಾಬಿನೊಳಗಿಂದ ಪಾಠ ಹೇಳುವ ಆಕೆಯ ಮುಖವನ್ನು ಯಾರೂ ಕಂಡವರಿಲ್ಲ. ದನಿ ಮಾತ್ರ ಕೆನೆಹಾಲಿನಷ್ಟು ಮೆತ್ತಗೆ. "ನಮಸ್ಕಾರ. ಆರನೆಯ ಪಾಠಕ್ಕೆ ಸ್ವಾಗತ. ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು ಹೇಗೆ?" ಎಂದು ಆಕೆ ಕೇಳಿ ಮುಗಿಸುವಷ್ಟರಲ್ಲಿ ಕಾಂಪೌಂಡರ್ ಗೊರಕೆಯಲ್ಲೇ ಉತ್ತರ ಕೊಟ್ಟುಬಿಡುತ್ತಿದ್ದ.

ಆ ಪುಟ್ಟ ಆರೋಗ್ಯ ಕೇಂದ್ರಕ್ಕೆ ಮೇಲಿನವರು ಆನ್‌ಲೈನ್ ತರಬೇತಿ ಕೊಟ್ಟಿದ್ದರು, ಜೊತೆಗೆ ಒಂದು ಟ್ಯಾಬನ್ನೂ ಕೊಟ್ಟಿದ್ದರು. ಅದು ಬಲು ಘಾಟಿ ಯಂತ್ರ. ಪಾಠ ಶುರುವಾಗುವಾಗ ಎದುರಿಗಿರುವ ಮುಖದ ಫೋಟೋ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಆ ಮುಖ ಕಣ್ಣು ಮುಚ್ಚಿತೋ, ಟಣ್ ಎಂದು ಗಂಟೆ ಬಾರಿಸಿ ಪಾಠವನ್ನು ಮೊದಲಿಗೇ ತಂದು ನಿಲ್ಲಿಸುತ್ತಿತ್ತು. ಪಾಠ ಮುಗಿದ ಮೇಲೆ ಐದು ಪ್ರಶ್ನೆ. ಅದಾದ ಮೇಲೆ ಅದೇ ಮುಖ ಕಣ್ಣು ಬಿಟ್ಟುಕೊಂಡು ಇನ್ನೊಮ್ಮೆ ಎದುರಿಗೆ ಬಂದರೆ ಪ್ರಮಾಣಪತ್ರ. ಕೈ ತೊಳೆಯುವುದು, ಲಸಿಕೆ ಕಾಪಾಡುವುದು ಎಂದೆಲ್ಲ ಐದು ಪಾಠಗಳನ್ನು ಅವನು ಹೇಗೋ ದಾಟಿದ್ದ. ಆರನೆಯದು ನಲವತ್ತು ನಿಮಿಷದ್ದು. ಗಡುವು ಇವತ್ತು ಸಂಜೆ ಐದು.

ಪ್ರಮಾಣಪತ್ರವಿದ್ದವರಿಗೆ ಮಾತ್ರ ಈ ವರ್ಷ ವರ್ಗಾವಣೆ. ಅವನ ಹೆಂಡತಿ, ಮಗಳು ಇರುವುದು ಎಂಟು ಗಂಟೆ ಬಸ್ಸಿನ ದೂರದಲ್ಲಿ. ತಿಂಗಳಿಗೊಮ್ಮೆ ಹೋಗಿ ಬರುವ ಅಪ್ಪನನ್ನು ಮಗಳು ಮೊದಲ ಅರ್ಧ ದಿನ ಬಾಗಿಲ ಸಂದಿಯಿಂದಲೇ ನೋಡುತ್ತಿದ್ದಳು. ಸಲಿಗೆ ಬೆಳೆಯುವ ಹೊತ್ತಿಗೆ ವಾಪಸ್ ಬಸ್ಸು. ಆ ಬೆಳಿಗ್ಗೆ ಅವಳೇ ಫೋನ್ ಮಾಡಿದ್ದಳು. "ಅಪ್ಪಾ, ಇವತ್ತೊಂದಿನ ನಿದ್ದೆ ಮಾಡ್ಬೇಡ. ಪಾಸಾದ್ರೆ ದಿನಾ ನೀನೇ ನನ್ನ ಸ್ಕೂಲಿಗೆ ಬಿಡ್ಬಹುದಂತೆ."

ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಒಂದು ಗಂಟೆಗೆ ರೋಗಿಗಳೆಲ್ಲ ಖಾಲಿಯಾದರು. ಔಷಧಿ ಕೋಣೆಯ ನೀಲಿ ಪರದೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿತ್ತು, ಫ್ಯಾನು ತನ್ನಷ್ಟಕ್ಕೆ ಗುನುಗುತ್ತಿತ್ತು. ಕಾಂಪೌಂಡರ್ ಮುಖ ತೊಳೆದು ಬಂದು ಟ್ಯಾಬ್ ಒತ್ತಿದ.

"ದೇಹವನ್ನು ಹಗುರ ಬಿಡಿ," ಎಂದಳು ಆಕೆ. ಅವನು ಬಿಟ್ಟ. ಬಿಟ್ಟವನೇ ಬಸ್ಸಿನಿಂದ ಇಳಿದ. ಹೆಂಡತಿಯ ಊರಿನ ರಸ್ತೆ ಎಳೆ ಬಿಸಿಲಿನಲ್ಲಿ ತೇಲುತ್ತಿತ್ತು. ಅವನ ಕಾಲುಗಳು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ತಿರುವಿನಾಚೆ ಮನೆಯ ಹಸಿರು ಬಾಗಿಲು ಕಂಡಿತು. ಟಣ್!

"ಮತ್ತೆ ಮಲಗಿದ್ರಾ?" ನರ್ಸಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ಇದೇ ಪಾಠವನ್ನು ಮೂರು ತಿಂಗಳ ಹಿಂದೆಯೇ ಮುಗಿಸಿದವಳು, ಆ ಬಿಂಕ ಇನ್ನೂ ಇಳಿದಿರಲಿಲ್ಲ. "ಕಾಲನ್ನ ತಣ್ಣೀರಲ್ಲಿ ಇಟ್ಕೊಳ್ಳಿ. ನಿದ್ದೆ ಹೆಂಗೆ ಬರುತ್ತೋ ನೋಡ್ತೀನಿ."

ಬಕೆಟ್ಟಿನಲ್ಲಿ ಕಾಲಿಟ್ಟು ಕೂತ. ಈ ಸಲ ಹಸಿರು ಬಾಗಿಲ ಮುಂದೆ ನೀರು ನಿಂತಿತ್ತು. ಮಗಳು ಅದರೊಳಗೆ ಕುಣಿಯುತ್ತಾ, "ಅಪ್ಪಾ, ನೀನೂ ಬಾ," ಎಂದಳು. ಅವನೂ ಕುಣಿದ. ಟಣ್! ಬಕೆಟ್ಟು ಮಗುಚಿ ಔಷಧಿ ಕೋಣೆ ಕೆರೆಯಾಗಿತ್ತು.

ನೆಲ ಒರೆಸಲು ಬಂದ ಆಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ. ನಿಮಗೆ ಚಿಂತೆ ಇದ್ದೂ ಬರುತ್ತಲ್ಲಪ್ಪಾ! ಇರಿ, ನನ್ನ ಹತ್ರ ಮದ್ದಿದೆ." ಮದ್ದೆಂದರೆ ಸೊಂಟನೋವಿನ ಮುಲಾಮು. ಅದನ್ನು ಕಣ್ಣಿನ ಕೆಳಗೆ ಸವರಿದ್ದೇ ತಡ, ಕಾಂಪೌಂಡರಿಗೆ ಕಣ್ಣು ಬಿಡಲಾಗದೆ ಧಾರಾಕಾರ ನೀರು. ಟಣ್, ಟಣ್, ಟಣ್!

ಕೊನೆಗೆ ಇಬ್ಬರೂ ಅವನ ಎಡಬಲ ಕೂತು, ತೂಕಡಿಸಿದರೆ ಚಿವುಟುವುದೆಂದು ಗೊತ್ತುಮಾಡಿಕೊಂಡರು. ಟ್ಯಾಬಿನ ಹೆಂಗಸಿನ ದನಿ ಹರಿಯತೊಡಗಿತು. ಮೊದಲು ಉರುಳಿದವಳು ಆಯಮ್ಮ, ಹಿಂದೆಯೇ ನರ್ಸಕ್ಕ. ಕಾಂಪೌಂಡರ್ ಹಸಿರು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ. ಒಳಗೆ ಪುಟ್ಟ ಹೆಜ್ಜೆಗಳು ಓಡಿ ಬರುತ್ತಿದ್ದವು. ಗಂಟೆಯ ಸದ್ದಿಗೆ ಮೂವರೂ ಎದ್ದಾಗ ನಾಲ್ಕಾಗಿತ್ತು.

ಕಾಂಪೌಂಡರಿಗೆ ಅಳುವೇ ಬಂತು. "ಮಗೂಗೆ ಏನು ಹೇಳ್ಲಿ ಅಕ್ಕಾ?"

ಆಗ ಹೊರಗಿನ ಬೆಂಚಿನಿಂದ ಕೆಮ್ಮು ಕೇಳಿಸಿತು. ವಾಚ್‌ಮನ್ ತಾತ, ಜೊತೆಗೆ ಹೆಂಡತಿ. ಮೂವತ್ತು ವರ್ಷ ಗಿರಣಿಯ ರಾತ್ರಿ ಪಾಳಿ ಕಾದ ಮುದುಕ. ಕೆಲಸ ಬಿಟ್ಟ ಮೇಲೂ ಕಣ್ಣು ಮುಚ್ಚುವುದು ಅವನಿಗೆ ಮರೆತೇಹೋಗಿತ್ತು. ದಿನಾ ಸಂಜೆ ಬಂದು ನಿದ್ದೆಮಾತ್ರೆ ಕೇಳುವುದು, ಡಾಕ್ಟರು ಕೊಡುವುದಿಲ್ಲವೆನ್ನುವುದು, ಬೈದುಕೊಂಡು ಹೋಗುವುದು ವಾಡಿಕೆ.

ನರ್ಸಕ್ಕನ ಮುಖ ಅರಳಿತು. "ಊರಲ್ಲೆಲ್ಲ ಮುಚ್ಚದೇ ಇರೋ ಕಣ್ಣು ಅಂದ್ರೆ ಇವರದೇ! ಟ್ಯಾಬಿಗೆ ಬೇಕಾಗಿರೋದು ಒಂದು ಮುಖ ತಾನೇ?"

"ಮೋಸ ಆಗಲ್ವಾ ಅಕ್ಕಾ?"

"ನೀವೂ ಪಕ್ಕದಲ್ಲೇ ಕೂತು ಕೇಳಿ. ಕಣ್ಣು ಅವರದು, ಕಿವಿ ನಿಮ್ಮದು."

ತಾತನನ್ನು ಕುರ್ಚಿಯಲ್ಲಿ ಕೂರಿಸಿದ್ದಾಯಿತು. "ಇದರಿಂದ ನಿದ್ದೆ ಬರುತ್ತೇನಯ್ಯಾ?" ಎಂದು ಅವನು ಅನುಮಾನದಿಂದ ಕೇಳಿದ.

"ಬರಬಾರದು ತಾತ! ದಯವಿಟ್ಟು ಬರಬಾರದು!"

ನಾಲ್ಕೂ ಐದಕ್ಕೆ ಪಾಠ ಶುರುವಾಯಿತು. ತಾತ ಗೂಬೆಯ ಹಾಗೆ ಕಣ್ಣರಳಿಸಿಕೊಂಡು ಕೂತ. ಕಾಲ್ಬೆರಳು ಸಡಿಲ ಬಿಡಿ ಎಂದರೆ ಬಿಟ್ಟ, ಉಸಿರು ಎಣಿಸಿ ಎಂದರೆ ಎಣಿಸಿದ. ಪಕ್ಕದಲ್ಲಿ ಕಿವಿಯಾಗಿ ಕೂತ ಕಾಂಪೌಂಡರ್ ಮೂರನೆಯ ನಿಮಿಷಕ್ಕೇ ತಾತನ ಹೆಗಲ ಮೇಲೆ ತಲೆಯಿಟ್ಟ. ಈ ಸಲ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಹಸಿರು ಬಾಗಿಲು ತೆರೆಯುತ್ತಿತ್ತು, ನಿಧಾನವಾಗಿ, ಬೆಳಕಿನ ಒಂದು ಗೆರೆಯಷ್ಟು...

"ಏಳಿ ಏಳಿ! ಪ್ರಶ್ನೆ ಬಂತು!" ನರ್ಸಕ್ಕ ಅಲುಗಾಡಿಸಿದಳು. ನಾಲ್ಕೂ ಮುಕ್ಕಾಲು. ಪ್ರಶ್ನೆ ನೋಡಿ ಕಾಂಪೌಂಡರಿಗೆ ಕಣ್ಣು ಕತ್ತಲೆ ಬಂತು. "ಮೊದಲು ಕಾಲ್ಬೆರಳು," ಎಂದು ತಾತನೇ ಮೆಲ್ಲಗೆ ಹೇಳಿಕೊಟ್ಟ. ಅದು ಸರಿಯಾಯಿತು. "ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ." ಅದೂ ಸರಿ. ಐದನೆಯ ಉತ್ತರ ಹೇಳುವಾಗ ತಾತನ ದನಿ ಬಾವಿಯೊಳಗಿಂದ ಬಂದಂತಿತ್ತು. ಐದಕ್ಕೆ ಐದು!

"ಈಗ ನಿಮ್ಮ ಮುಖವನ್ನು ತೋರಿಸಿ. ಕಣ್ಣು ತೆರೆದಿರಲಿ," ಎಂದಳು ಟ್ಯಾಬಿನ ಹೆಂಗಸು.

ಕುಣಿಯುವುದೊಂದು ಬಾಕಿಯಿದ್ದ ಕಾಂಪೌಂಡರ್ ಟ್ಯಾಬನ್ನು ತಾತನತ್ತ ತಿರುಗಿಸಿದ. ತಾತನ ಗದ್ದ ಎದೆಯ ಮೇಲಿತ್ತು. ಬಾಯಿ ಅರೆ ತೆರೆದಿತ್ತು. ನಿದ್ದೆ ಬಂದುಬಿಟ್ಟಿತ್ತು.

"ತಾತಾ!" ಎಂದು ಅವನು ಕೈಚಾಚಿದ್ದೇ ತಡ, ಅಜ್ಜಿ ಅಡ್ಡ ನಿಂತಳು.

"ಮುಟ್ಟಿದ್ರೆ ನೋಡು! ಹನ್ನೊಂದು ವರ್ಷ ಆಯ್ತಪ್ಪಾ ಈ ಮನುಷ್ಯ ಕಣ್ಣು ಮುಚ್ಚಿ. ನಾನು ಮಗ್ಗುಲು ಬದಲಿಸಿದಾಗೆಲ್ಲ ಗೋಡೆ ನೋಡ್ತಾ ಕೂತಿರ್ತಿದ್ರು."

"ಅಜ್ಜಿ, ಒಂದೇ ಒಂದು ನಿಮಿಷ. ಕಣ್ಣು ಬಿಟ್ಟು ಮತ್ತೆ ಮಲಗಲಿ."

"ಮತ್ತೆ ಬರದೇ ಹೋದ್ರೆ?"

ಕಾಂಪೌಂಡರ್ ಗಡಿಯಾರ ನೋಡಿದ, ಐದಕ್ಕೆ ಇನ್ನು ಆರೇ ನಿಮಿಷ. ತಾತನ ಮುಖ ನೋಡಿದ. ದಿನಾ ಬೈಯುತ್ತಿದ್ದ ಆ ಮುಖದ ಸುಕ್ಕುಗಳೆಲ್ಲ ಸಡಿಲವಾಗಿ, ಮುದುಕ ಎಳೆ ಮಗುವಿನಂತೆ ಮಲಗಿದ್ದ. ಅಜ್ಜಿ ಸೆರಗಿನಿಂದ ನೊಣ ಓಡಿಸುತ್ತಾ ಸದ್ದಿಲ್ಲದೆ ಅಳುತ್ತಿದ್ದಳು. ಚಾಚಿದ ಕೈ ತಾನಾಗಿಯೇ ಹಿಂದಕ್ಕೆ ಬಂತು. ಐದು ಹೊಡೆಯಿತು. "ಗಡುವು ಮುಗಿದಿದೆ. ಪಾಠವನ್ನು ಮತ್ತೊಮ್ಮೆ ನೋಡಬಹುದು," ಎಂದಿತು ಟ್ಯಾಬು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನರ್ಸಕ್ಕ, ಆಯಮ್ಮ ತಪ್ಪು ಮಾಡಿದವರಂತೆ ಮೆಲ್ಲಗೆ ಮನೆಗೆ ಹೋದರು. ಕಾಂಪೌಂಡರ್ ಬೆಂಚಿನ ಮೇಲೆ ಅಡ್ಡಾದ. ಇನ್ನು ಎಚ್ಚರವಿದ್ದು ಮಾಡುವುದಾದರೂ ಏನು? ಕನಸಿನಲ್ಲಾದರೂ ಆ ಬಾಗಿಲು ಪೂರ್ತಿ ತೆರೆದುಕೊಳ್ಳಲಿ, ಮಗಳನ್ನು ಎತ್ತಿಕೊಳ್ಳೋಣ ಎಂದು ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ. ಆ ಮಗ್ಗುಲು, ಈ ಮಗ್ಗುಲು. ಊಹೂಂ. ಎದ್ದು ಕೂತು ಆರನೆಯ ಪಾಠವನ್ನೇ ಹಚ್ಚಿದ.

ಅದೇ ಕೆನೆಹಾಲಿನ ದನಿ. ಕಾಲ್ಬೆರಳು ಸಡಿಲ ಬಿಟ್ಟ, ಉಸಿರು ಎಣಿಸಿದ. ಕಣ್ಣು ಮಾತ್ರ ಬೆಳ್ಳಗೆ ತೆರೆದೇ ಇತ್ತು. ನಲವತ್ತು ನಿಮಿಷವಾದರೂ ಟ್ಯಾಬು ಗಂಟೆ ಬಾರಿಸಲಿಲ್ಲ. ಪ್ರಶ್ನೆಗಳು ಬಂದವು, ತಾತ ಹೇಳಿಕೊಟ್ಟದ್ದೆಲ್ಲ ನೆನಪಿತ್ತು. ಮುಖ ತೋರಿಸಿದ.

"ಅಭಿನಂದನೆಗಳು! ಪ್ರಮಾಣಪತ್ರ ಸಿದ್ಧವಾಗಿದೆ. ಮುಂದಿನ ವರ್ಷದ ವರ್ಗಾವಣೆಗೆ ಇದನ್ನು ಬಳಸಬಹುದು."

ಅಷ್ಟರಲ್ಲಿ ಫೋನು. "ಅಪ್ಪಾ, ನಿದ್ದೆ ಮಾಡ್ಲಿಲ್ಲ ತಾನೇ?"

"ಇಲ್ಲ ಪುಟ್ಟಿ. ಪಾಠ ಪೂರ್ತಿ ಮುಗಿಸಿದೆ. ಒಂದು ಚೂರೂ ನಿದ್ದೆ ಬರ್ಲಿಲ್ಲ."

"ಹಾಗಾದ್ರೆ ನಾಳೆ ಬಂದು ಸ್ಕೂಲಿಗೆ ಬಿಡ್ತೀಯಾ?"

ಅವನು ತಿಂಗಳ ಕೊನೆಗೆ ಬರುತ್ತೇನೆಂದು ಹೇಗೋ ಹೇಳಿ ಫೋನ್ ಇಟ್ಟ. ಕುರ್ಚಿಯಲ್ಲಿ ವಾಚ್‌ಮನ್ ತಾತ ಮೈಮುರಿದು ಎದ್ದು, ಹೊಸದಾಗಿ ಹುಟ್ಟಿದವನ ಹಾಗೆ ಸುತ್ತ ನೋಡಿದ. ಕಾಂಪೌಂಡರನ ಅಗಲ ಕಣ್ಣು ಕಂಡು ಅವನಿಗೆ ಕರುಳು ಚುರುಕ್ಕೆಂದಿತು.

"ಯಾಕಪ್ಪಾ, ನಿದ್ದೆ ಬರ್ತಿಲ್ವಾ?" ಎಂದು ಬೆಂಚಿನ ತುದಿಗೆ ಬಂದು ಕೂತ. "ಮಾತ್ರೆಗೀತ್ರೆ ತಗೋಬೇಡ, ಅಭ್ಯಾಸ ಆಗಿಬಿಡುತ್ತೆ. ನಾನು ಹೇಳಿಕೊಡ್ತೀನಿ, ಮಲಕ್ಕೋ. ಹ್ಞಾ, ಮೊದಲು ಕಾಲ್ಬೆರಳು."