ಕಂಟ್ರೋಲ್, ಶಿಫ್ಟ್, ಡಿ ಮತ್ತು ಅಧ್ಯಕ್ಷರ ಕುರ್ಚಿ

ಕಂಪ್ಯೂಟರಿನ ಕೀಗಳಿಗೆ ನನ್ನದೇ ಕೆಲಸ ಹಚ್ಚುವ ಚಟ ನನಗೆ ಮೊದಲಿನಿಂದಲೂ ಇದೆ. ಅದರಿಂದ ವರ್ಷಕ್ಕೆ ಒಂದಾದರೂ ಅನಾಹುತ ಆಗದೆ ಹೋದರೆ ನನ್ನ ಹೆಂಡತಿಗೆ ಏನೋ ಕಳೆದುಕೊಂಡ ಹಾಗಾಗುತ್ತದೆ. ಸಾಫ್ಟ್‌ವೇರ್ ಮಾಡಿದವರು ಒಂದು ಕೀಗೆ ಒಂದು ಕೆಲಸ ಕೊಟ್ಟಿರುತ್ತಾರೆ. ನಾನು ಅದನ್ನು ತೆಗೆದು ಬೇರೆ ಕೆಲಸ ಕೊಟ್ಟಿರುತ್ತೇನೆ. ಅದು ನನಗೆ ಗೊತ್ತು. ನನ್ನ ಕುರ್ಚಿಯಲ್ಲಿ ಬಂದು ಕೂತವರಿಗೆ ಗೊತ್ತಿಲ್ಲ. ಇಷ್ಟೇ ಸಮಾಚಾರ.

ನಾನಿರುವುದು ಮುಂಬಯಿ ಪಕ್ಕದ ಡೊಂಬಿವಲಿ, ಕೆಲಸ ಐರೋಲಿಯಲ್ಲಿ. ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಅಂದರೆ ಯಾರೂ ಓದದ ಪುಸ್ತಕಗಳನ್ನು ಬರೆಯುತ್ತೇನೆ. ರಜೆಯ ದಿನ ನಮ್ಮ ಕನ್ನಡ ಸಂಘದ ಮಾಸಪತ್ರಿಕೆ ಟೈಪ್ ಮಾಡುತ್ತೇನೆ. ಅದನ್ನು ಎಲ್ಲರೂ ಓದುತ್ತಾರೆ, ತಮ್ಮ ಹೆಸರು ಇದೆಯೋ ಇಲ್ಲವೋ ನೋಡುವ ಮಟ್ಟಿಗೆ. ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಹನ್ನೊಂದು ವರ್ಷ ಚಪ್ಪಲಿ ಸವೆಸಿ ಕಲ್ಯಾಣದಲ್ಲಿ ಸಂಘಕ್ಕೊಂದು ಸ್ವಂತ ಸಭಾಂಗಣ ಕಟ್ಟಿಸಿದ್ದಾರೆ. ಅದರ ಬಾಗಿಲನ್ನು ಅಧ್ಯಕ್ಷನಾಗಿಯೇ ತೆರೆಯಬೇಕು ಎನ್ನುವುದೊಂದೇ ಅವರ ಆಸೆ. ಆದರೆ ಉದ್ಘಾಟನೆಗೆ ಮೊದಲು ಚುನಾವಣೆ ಬಂದು ಕೂತಿತು. ನನ್ನ ಕೀಗಳು ಅದರಲ್ಲೂ ಕೈ ಹಾಕಿದವು. ಅದನ್ನು ಹೇಳುವ ಮೊದಲು ಎರಡು ಸಣ್ಣ ಪ್ರಸಂಗ ಹೇಳಿಬಿಡುತ್ತೇನೆ.

ಎಚ್ಚರಿಕೆಯ ಮನುಷ್ಯ

ಎಲ್ಲರ ಕಂಪ್ಯೂಟರಿನಲ್ಲೂ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಬರೆದದ್ದು ಸೇವ್ ಆಗುತ್ತದೆ. ನನ್ನದರಲ್ಲಿ ಅಕ್ಷರಗಳ ಮೇಲೆ ಅಡ್ಡಗೆರೆ ಬೀಳುತ್ತದೆ. ಯಾಕಪ್ಪಾ ಅಂದರೆ, ಸೇವ್ ಮಾಡುವ ಕೆಲಸವನ್ನು ಸಾಫ್ಟ್‌ವೇರು ತಾನಾಗಿಯೇ ಮಾಡಿಕೊಳ್ಳುತ್ತದೆ. ನನಗೆ ದಿನವಿಡೀ ಇರುವ ಕೆಲಸ ಇಂಜಿನಿಯರುಗಳು ಬರೆದದ್ದನ್ನು ಹೊಡೆದುಹಾಕುವುದು.

ಒಂದು ದಿನ ನಾನು ಊಟಕ್ಕೆ ಹೋದಾಗ ನಮ್ಮ ಮ್ಯಾನೇಜರು ನನ್ನ ಮೇಜಿಗೆ ಬಂದು ಕೂತರು. ಬೆಂಗಳೂರಿನವರು, ಬಹಳ ಎಚ್ಚರಿಕೆಯ ಮನುಷ್ಯ. ಒಂದು ಸಾಲು ಬರೆದರೆ ಒಮ್ಮೆ ಸೇವ್ ಮಾಡುವವರು. ಒಮ್ಮೆ ಒತ್ತಿದರೆ ಮುಂದಿನ ಸಾಲಿಗೆಲ್ಲ ಅಡ್ಡಗೆರೆ, ಇನ್ನೊಮ್ಮೆ ಒತ್ತಿದರೆ ಗೆರೆ ಬಂದ್. ಅವರು ಕಣ್ಣಿಟ್ಟದ್ದು ಕೀಬೋರ್ಡಿನ ಮೇಲೆ, ತೆರೆಯ ಮೇಲಲ್ಲ. ಆರು ಪುಟ ಬರೆದು, ಹಾಗೇ ಗ್ರಾಹಕರಿಗೆ ಕಳಿಸಿ, ಕೈ ಕೊಡವಿಕೊಂಡು ಎದ್ದರು. ಒಂದು ಸಾಲು ಬಿಟ್ಟು ಒಂದು ಸಾಲು ಹೊಡೆದುಹೋಗಿತ್ತು.

ನಾನು ಬಂದು ತೆರೆ ನೋಡಿದೆ. "ಸಾರ್, ಅದು ನನ್ನ ಸೆಟ್ಟಿಂಗು..." ಎಂದು ಶುರು ಮಾಡುವಷ್ಟರಲ್ಲಿ ಗ್ರಾಹಕರ ಉತ್ತರವೇ ಬಂತು. ಹೊಡೆದ ಸಾಲುಗಳನ್ನು ತೆಗೆದದ್ದಕ್ಕೆ ಅವರು ಧನ್ಯವಾದ ಹೇಳಿದ್ದರು. ಉಳಿದದ್ದು ಮೊದಲ ಬಾರಿಗೆ ಅರ್ಥವಾಯಿತಂತೆ.

ಮ್ಯಾನೇಜರು ನನ್ನ ಕಡೆ ತಿರುಗಿ, "ನೋಡಿದ್ರೇನ್ರೀ? ಹೀಗೆ ಬರೀಬೇಕು" ಅಂದರು.

ಫೈಲಿನ ಹೆಸರು

ನನ್ನ ಹೆಂಡತಿ ಧಾರವಾಡದವಳು. ಸಂಘದ ಪತ್ರಿಕೆಗೆ ತಿಂಗಳಿಗೊಂದು ಅಡುಗೆ ಬರೆಯುತ್ತಾಳೆ. ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಬದಲಿಸಲು ನಾನು ಮನೆಯ ಕಂಪ್ಯೂಟರಿನಲ್ಲಿ ಎಫ್ ಹನ್ನೆರಡು ಕೀ ಇಟ್ಟಿದ್ದೆ. ಬರೆಯುವ ಸಾಫ್ಟ್‌ವೇರಿಗೆ ಅದೇ ಕೀ ಅಂದರೆ 'ಇದನ್ನು ಬೇರೆ ಹೆಸರಿನಲ್ಲಿ ಉಳಿಸು' ಎಂದರ್ಥ. ಒತ್ತಿದರೆ ಎರಡೂ ಆಗುತ್ತಿದ್ದವು. ನನಗೆ ಎಸ್ಕೇಪ್ ಒತ್ತಿ ಮುಂದೆ ಹೋಗುವ ಅಭ್ಯಾಸ. ಅವಳಿಗೆ ಹೇಳಿರಲಿಲ್ಲ.

ಎಣ್ಣಗಾಯಿ ಬರೆಯುತ್ತ ನಡುನಡುವೆ ಒಂದೊಂದು ಇಂಗ್ಲಿಷ್ ಪದ ಬಂದಾಗಲೆಲ್ಲ ಅವಳು ಕೀ ಒತ್ತಿದ್ದಾಳೆ, ಕಂಪ್ಯೂಟರು ಹೆಸರು ಕೇಳಿದೆ, ಅವಳು ಕೊಟ್ಟಿದ್ದಾಳೆ. ಸಂಜೆ ನಾನು ನೋಡಿದರೆ ಹದಿನಾಲ್ಕು ಫೈಲು. ಮೊದಲನೆಯದರ ಹೆಸರು 'ಎಣ್ಣಗಾಯಿ'. ಎರಡನೆಯದು 'ಎಣ್ಣಗಾಯಿ ಮತ್ತ'. ಐದನೆಯದು 'ಹೇಳೇನಲ್ಲ'. ಒಂಬತ್ತನೆಯದು 'ಸಾಕು ಮಾಡು'. ಹದಿನಾಲ್ಕನೆಯದು 'ನಿನ್ನ ತಲಿ'.

"ಇದರಲ್ಲಿ ಯಾವುದು ಪೂರ್ತಿ ಇದೆ?" ಎಂದು ಕೇಳಿದೆ.

"ಕಡೀದು ನೋಡ್ರಿ. ಸಾಲಿಗೊಮ್ಮೆ ಹೆಸರ ಕೇಳ್ತದ, ಬ್ಯಾಂಕಿನ್ಯಾಗ ಸೈತ ಇಷ್ಟ ಕೇಳಂಗಿಲ್ಲ" ಅಂದಳು.

ನಾನು ಹೆಸರು ಬದಲಿಸುವುದನ್ನು ಮರೆತು ಅಧ್ಯಕ್ಷರಿಗೆ ಹಾಗೇ ಕಳಿಸಿದೆ. ಅವರು ಫೋನ್ ಮಾಡಿದರು: "ಲೇಖನ ಚಂದ ಉಂಟು ಮಾರಾಯ್ರೇ. ಫೈಲಿನ ಹೆಸರು ಬದನೆಕಾಯಿಗೆ ಇಟ್ಟದ್ದಾ, ಅಧ್ಯಕ್ಷರಿಗೆ ಇಟ್ಟದ್ದಾ?"

ಜೋಡಿ ಗೆರೆ

ಈಗ ಚುನಾವಣೆ. ಅಧ್ಯಕ್ಷರ ಎದುರು ನಿಂತವರು ಸಂಘದ ಉಪಾಧ್ಯಕ್ಷರು. ಸೀವುಡ್ಸಿನಲ್ಲಿದ್ದಾರೆ, ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. "ಹೊಸ ಕಟ್ಟಡಕ್ಕೆ ಹೊಸ ನಾಯಕತ್ವ" ಎಂದು ನೆರೂಳಿನಿಂದ ಕಳಂಬೋಲಿಯವರೆಗೆ ಮನೆಮನೆಗೆ ಹೇಳಿಬಂದಿದ್ದರು. ನವಿ ಮುಂಬಯಿಯ ವೋಟುಗಳೆಲ್ಲ ಅವರ ಕಿಸೆಯಲ್ಲಿವೆ ಎಂದು ಸುದ್ದಿ. ಅಧ್ಯಕ್ಷರ ಮುಖದಲ್ಲಿ ಕಳೆಯೇ ಇರಲಿಲ್ಲ.

ಆ ತಿಂಗಳ ಪತ್ರಿಕೆಯಲ್ಲಿ ಇಬ್ಬರ ಪರಿಚಯವೂ ಬರಬೇಕಿತ್ತು. ಬುಧವಾರ ಬೆಳಿಗ್ಗೆ ಅಧ್ಯಕ್ಷರು ತಮ್ಮದನ್ನು ಕೊನೆಯ ಬಾರಿ ನೋಡಲು ನಮ್ಮ ಮನೆಗೇ ಬಂದು ನನ್ನ ಕಂಪ್ಯೂಟರಿನ ಮುಂದೆ ಕೂತರು. ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವ ಸಂಕೋಚಕ್ಕೆ, ಬೇರೆ ಯಾರೋ ಬರೆದ ಹಾಗೆ ನನ್ನಿಂದ ಬರೆಸಿದ್ದರು: 'ಹನ್ನೊಂದು ವರ್ಷ ಸಂಘಕ್ಕಾಗಿ ಹಗಲಿರುಳು ದುಡಿದರು. ಸಭಾಂಗಣದ ಕನಸು ಕಂಡರು.' ಮೇಲೆ ಅವರ ಫೋಟೋ.

ಇಲ್ಲಿ ನನ್ನ ಪದ್ಧತಿ ಒಂದನ್ನು ಹೇಳಬೇಕು. ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಬರುವ ಮಾತುಗಳು ಅವವೇ. ಮದುವೆಯಾದವರಿಗೆ ಒಂದು ವಾಕ್ಯ, ಪಾಸಾದವರಿಗೆ ಒಂದು, ತೀರಿಕೊಂಡವರಿಗೆ ಒಂದು. ಪ್ರತಿ ಸಲ ಯಾರು ಟೈಪ್ ಮಾಡುತ್ತಾ ಕೂರುತ್ತಾರೆ? ಎಲ್ಲಕ್ಕೂ ಒಂದೊಂದು ಕೀ ಇಟ್ಟಿದ್ದೆ. ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ಬರಹದ ಸುತ್ತ ಕಪ್ಪು ಚೌಕಟ್ಟು, ಕೊನೆಗೆ 'ಅವರ ಅಗಲಿಕೆ ಸಂಘಕ್ಕೆ ತುಂಬಲಾರದ ನಷ್ಟ, ಆತ್ಮಕ್ಕೆ ಶಾಂತಿ ಸಿಗಲಿ' ಎಂಬ ಸಾಲು ತಾನಾಗಿ ಬರುತ್ತಿತ್ತು.

ಅಧ್ಯಕ್ಷರೋ, ಠಾಣೆಯಲ್ಲಿ ಹಿರಿಯ ನಾಗರಿಕರ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದರು. ಅದೇ ವಾರ ಅಲ್ಲಿ ಕಲಿಸಿದ್ದರಂತೆ: ಈ ಮೂರು ಕೀ ಒತ್ತಿದರೆ ಹೆಸರಿನ ಕೆಳಗೆ ಜೋಡಿ ಗೆರೆ ಬರುತ್ತದೆ ಎಂದು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದು ಸರಿಯೇ. ನಾನು ಒಳಗೆ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಹೊರಗಿನಿಂದ ಅವರ ಸಂತೋಷದ ಕೂಗು ಕೇಳಿತು.

"ಹೋಯ್! ಕೆಳಗೆ ಎರಡು ಗೆರೆ ಕೇಳಿದ್ರೆ ನಿಮ್ಮ ಕಂಪ್ಯೂಟರು ನಾಲ್ಕೂ ಕಡೆ ಕೊಟ್ಟಿತು ಮಾರಾಯ್ರೇ!"

"ಚೆನ್ನಾಗಿ ಕಾಣ್ತಿದೆಯಾ ಸಾರ್?" ಎಂದೆ ಒಳಗಿನಿಂದಲೇ.

"ಒಳ್ಳೆ ಗಾಂಭೀರ್ಯ ಬಂದಿದೆ."

ಓದುವ ಕನ್ನಡಕವನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು, ಅದಕ್ಕಾಗಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರು. ಕೊನೆಯ ಸಾಲು ತೆರೆಯಿಂದ ಕೆಳಗೆ ಹೋಗಿತ್ತು. "ಎಲ್ಲ ನೋಡಿದ್ದೇನೆ, ಕಳಿಸಿ" ಅಂದರು. ನನಗೆ ಎಂಟೂ ನಲವತ್ತೇಳರ ಗಾಡಿ. ಪುಟ ನೋಡದೆ ಪಿಡಿಎಫ್ ಮಾಡಿ, ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಸ್ಟೇಷನ್ನಿಗೆ ಓಡಿದೆ.

ಸೀವುಡ್ಸಿನವರು ಟೈಪ್ ಮಾಡ್ತಾ ಇದ್ದಾರೆ

ದಿವಾ ದಾಟಿ ಮುಂಬ್ರಾ ಬಂದರೂ ಕಿಸೆಗೆ ಕೈ ಹಾಕುವಷ್ಟು ಜಾಗ ಇರಲಿಲ್ಲ. ಫೋನು ಮಾತ್ರ ತೊಡೆಯ ಮೇಲೆ ಒಂದೇ ಸಮನೆ ನಡುಗುತ್ತಿತ್ತು. ಠಾಣೆಯಲ್ಲಿ ಇಳಿದು, ಐರೋಲಿಯ ಗಾಡಿಗೆ ಕಾಯುತ್ತಾ ತೆಗೆದು ನೋಡಿದರೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು. 'ನಂಬಲಾಗುತ್ತಿಲ್ಲ.' 'ನಿನ್ನೆ ತಾನೇ ಭಾಜಿ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಾಗ ಮಾತಾಡಿದ್ದೆ.' 'ಸಭಾಂಗಣಕ್ಕೆ ಅವರ ಹೆಸರೇ ಇಡೋಣ.' ಪಿಡಿಎಫ್ ತೆರೆದೆ. ಕಪ್ಪು ಚೌಕಟ್ಟು, ಒಳಗೆ ನಗುಮುಖದ ಅಧ್ಯಕ್ಷರು. ಜೀವಂತ ಮನುಷ್ಯನನ್ನು, ಅದೂ ಚುನಾವಣೆಗೆ ನಾಲ್ಕು ದಿನ ಇರುವಾಗ, ಕೊಂದುಬಿಟ್ಟಿದ್ದೆ.

ಅವರಿಗೇ ಫೋನ್ ಮಾಡಿದೆ.

"ಸಾರ್, ತಪ್ಪಾಯ್ತು. ಈಗಲೇ ಡಿಲೀಟ್ ಮಾಡ್ತೇನೆ."

"ಬೇಡ, ಬೇಡ! ಮುಟ್ಟಬೇಡಿ!"

"ಸಾರ್?"

"ಎಲ್ಲ ಓದ್ತಾ ಇದ್ದೇನೆ, ಕನ್ನಡಕ ಹಾಕಿಕೊಂಡು. ಹನ್ನೊಂದು ವರ್ಷದಲ್ಲಿ ಒಬ್ಬನೂ ಒಂದು ಒಳ್ಳೆ ಮಾತು ಹೇಳಿರಲಿಲ್ಲ ಮಾರಾಯ್ರೇ. ಎಲ್ಲರಿಗೂ ಉಪ್ಪಿಟ್ಟು ತಣ್ಣಗಾದದ್ದು, ಮೈಕ್ ಕೂಗಿದ್ದು, ಇದೇ ದೂರು." ಆಮೇಲೆ ದನಿ ಇಳಿಸಿ ಹೇಳಿದರು: "ಒಂದು ಹತ್ತು ನಿಮಿಷ ತಡೀರಿ. ಸೀವುಡ್ಸಿನವರು ಟೈಪ್ ಮಾಡ್ತಾ ಇದ್ದಾರೆ, ಇಲ್ಲಿ ಕಾಣ್ತಾ ಉಂಟು."

ಸೀವುಡ್ಸಿನವರು, ಅಂದರೆ ನಮ್ಮ ಉಪಾಧ್ಯಕ್ಷರು, ಒಂದು ಪುಟದಷ್ಟು ಬರೆದರು. ಎದುರಾಳಿ ಇಲ್ಲವಾದ ಮೇಲೆ ಹೊಗಳಲು ಕಷ್ಟವೇನು? 'ನಾನು ಅವರ ಪಾದದ ಧೂಳಿಗೂ ಸಮನಲ್ಲ. ಅವರು ಕೂತ ಕುರ್ಚಿಯಲ್ಲಿ ಕೂರುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲ' ಎಂದು ಮುಗಿಸಿದ್ದರು.

ಅದರ ಕೆಳಗೆ, ಒಂದು ನಿಮಿಷ ಬಿಟ್ಟು, ಅಧ್ಯಕ್ಷರ ಮೆಸೇಜು ಬಂತು: 'ಎಲ್ಲರಿಗೂ ವಂದನೆ. ನಾನು ಆರಾಮಾಗಿದ್ದೇನೆ. ಭಾನುವಾರ ಸಿಗುವ.'



ಭಾನುವಾರ ಡೊಂಬಿವಲಿಯ ಶಾಲೆಯೊಂದರ ಹಾಲ್‌ನಲ್ಲಿ ಸಭೆ. ನಾನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಕಾರ್ಯದರ್ಶಿಗಳು ಎದ್ದು, "ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಅಭ್ಯರ್ಥಿಗಳು. ಮೊದಲು ಉಪಾಧ್ಯಕ್ಷರು ಎರಡು ಮಾತಾಡಬೇಕು" ಅಂದರು. ಉಪಾಧ್ಯಕ್ಷರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಧ್ಯಕ್ಷರು ಕಿಸೆಯಿಂದ ಓದುವ ಕನ್ನಡಕ ತೆಗೆದು, ನಿಧಾನಕ್ಕೆ ಒರೆಸಿ, ಮೂಗಿನ ಮೇಲಿಟ್ಟು, ಫೋನ್ ಕೈಗೆತ್ತಿಕೊಂಡರು.

"ಅವರು ಯಾಕೆ ಸುಮ್ಮನೆ ತೊಂದರೆ ತಗೊಳ್ಳೋದು? ಅವರ ಮಾತು ನನ್ನ ಹತ್ತಿರ ಬರೆದದ್ದೇ ಉಂಟು. ಓದಲಾ?"

ಉಪಾಧ್ಯಕ್ಷರು ಹಾಲ್‌ ಕಡೆ ನೋಡಿದರು. ಹಾಲ್‌ನಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು. ಕೈಮುಗಿದ ಚಿತ್ರ ಹಾಕದವರು ಅಲ್ಲಿ ಯಾರಿದ್ದರು? "ನಾನು ನಾಮಪತ್ರ ಹಿಂದಕ್ಕೆ ತಗೊಳ್ತೀನಿ" ಎಂದು ಉಪಾಧ್ಯಕ್ಷರು ಕೂತರು. ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾದರು. ಮುಂದಿನ ತಿಂಗಳು ಕಲ್ಯಾಣದ ಸಭಾಂಗಣದ ಬಾಗಿಲು ತೆರೆದಾಗ ಅವರ ಕಣ್ಣಲ್ಲಿ ನೀರಿತ್ತು, ನಾನೇ ನೋಡಿದೆ.

ಆ ದಿನ ಊಟದ ಸಾಲಿನಲ್ಲಿ ಅವರ ಹತ್ತಿರ ಹೋಗಿ, ಆದದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೇಳಿದೆ. ನನ್ನ ಕೀಗಳನ್ನೆಲ್ಲ ತೆಗೆದು ಸಾಫ್ಟ್‌ವೇರ್ ಹೇಗಿತ್ತೋ ಹಾಗೇ ಮಾಡಿಬಿಡುತ್ತೇನೆ, ಇನ್ನು ಈ ಉಸಾಬರಿ ಬೇಡ ಎಂದೆ. ಅವರು ಅತ್ತಿತ್ತ ನೋಡಿ ನನ್ನ ತೋಳು ಹಿಡಿದುಕೊಂಡರು.

"ಉಳಿದದ್ದೆಲ್ಲ ತೆಗೀರಿ. ಆ ಡಿ ಮಾತ್ರ ಹಾಗೇ ಇರಲಿ ಮಾರಾಯ್ರೇ. ಮೂರು ವರ್ಷಕ್ಕೆ ಮತ್ತೆ ಎಲೆಕ್ಷನ್ ಉಂಟು."