ಬೆಂಕಿಕಡ್ಡಿ ಸೇತುವೆ

ಖಂಡೆ ಪೂಜೆಗೆ ಪುಸ್ತಕ ಇಟ್ಟದ್ದೇ ಗುರುಲಿಂಗಪ್ಪ ಮಾಸ್ತರರ ತಪ್ಪು.

ಎಪ್ಪತ್ತನಾಲ್ಕರ ದಸರೆ. ಮಾಸ್ತರರ ಶಾಲೆಯಿದ್ದ ಊರಿನ ಬಡಿಗ ಸೋಮನಿಂಗ ಉಳಿ, ಬಾಚಿ, ಗರಗಸಗಳನ್ನು ಸಾಲಾಗಿ ಇಟ್ಟು, "ನಿಮ್ಮ ಹತ್ಯಾರನೂ ತರ್ರಿ ಮಾಸ್ತರ್ರ" ಎಂದು ಕರೆದ. ಸುಣ್ಣದ ಕಡ್ಡಿ ಒಯ್ದರೆ ಮರ್ಯಾದೆ ಉಳಿಯದು ಎಂದು ಮಾಸ್ತರರು ಶಾಲೆಯ ಪೆಟ್ಟಿಗೆಯಿಂದ ಹೊಸ ಪುಸ್ತಕವೊಂದನ್ನು ತೆಗೆದರು. ಬೆಂಕಿಕಡ್ಡಿಗಳಿಂದ ಸೇತುವೆ ಕಟ್ಟುವುದು ಹೇಗೆಂದು ಮಕ್ಕಳಿಗೆ ಬಣ್ಣದ ಚಿತ್ರಗಳಲ್ಲಿ ಹೇಳುವ ಪುಸ್ತಕ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮಾಸ್ತರರಿಗೋ ಸೂಟಿಗೆಂದು ಅಂದೇ ಸ್ವಂತ ಊರಿಗೆ ಹೊರಡುವ ಅವಸರ. ಪುಸ್ತಕ ಅಲ್ಲೇ ಬಿಟ್ಟು ಬಸ್ ಹತ್ತಿದರು.

ಹಲಸಂಗಿಯಲ್ಲಿ ಹೆಂಡತಿ ಬಾಳಮ್ಮ, ಎಂಟು ತಿಂಗಳ ಮಗಳು. ಅಪ್ಪನ ಗುರುತೇ ಇಲ್ಲದ ಕೂಸು ಮೊದಲು ಕಳ್ಳನನ್ನು ಕಂಡಂತೆ ಚೀರಿತು. ಕಡೆಗೆ ತೊಡೆ ಏರಿ ಮೀಸೆ ಎಳೆಯತೊಡಗಿತು ಎನ್ನುವಷ್ಟರಲ್ಲಿ ಸೂಟಿ ಮುಗಿಯಿತು.

"ಸಾಲಿ ತೆರಿಯೋ ದಿನಾನ ಸಾಹೇಬ್ರು ತಪಾಸಣಿಗೆ ಬರ್ತಾರ. ಅರ್ಜಿ ಕೊಟ್ಟೇನಿ, ಎಲ್ಲಾ ನೆಟ್ಟಗಿದ್ರ ಇಲ್ಲಿಗೇ ವರ್ಗಾ ಮಾಡಿಸ್ಕೊಂಡು ಬರ್ತೇನಿ" ಎಂದು ಬಾಳಮ್ಮನಿಗೆ ಮಾತು ಕೊಟ್ಟು ಹೊರಟರು.

ತಾಳಿಕೋಟೆಯಲ್ಲಿ ಬಸ್ಸಿಳಿದು ನಡೆದು ಬಂದವರು ಶಾಲೆಯ ಊರ ಮುಂದಿನ ಹಳ್ಳದ ದಂಡೆಯಲ್ಲಿ ನಿಂತೇಬಿಟ್ಟರು. ಧೋತರ ಎತ್ತಿ ದಾಟುತ್ತಿದ್ದ ಹಳ್ಳಕ್ಕೆ ಸೇತುವೆ ಬಂದಿತ್ತು. ಅಂತೂ ಸರಕಾರ ಕಣ್ಣು ತೆರೆಯಿತಲ್ಲ ಎಂದು ಹಿಗ್ಗುತ್ತ ನಡುವಿನವರೆಗೆ ಹೋದರು. ಕಾಲಡಿ ಕರಿಹಲಗೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ತಾವೇ ಬರೆದ ಸುವಿಚಾರ: "ಶಾಲೆಯ ಸೊತ್ತು ಊರಿನ ಸೊತ್ತು." ಅದರಾಚೆ ಶಾಲೆಯ ಬಾಗಿಲು, ಚಿಲಕದ ಸಮೇತ.

"ನಡುವ ನಿಂದ್ರಬ್ಯಾಡ್ರಿ ಮಾಸ್ತರ್ರ, ಹಾಲಿಗೆ ತಡಾ ಆಗ್ತೈತಿ" ಎನ್ನುತ್ತ ನೆರೆಮನೆಯ ಚಂದವ್ವ ಕೊಡ ಹೊತ್ತು ಬಂದಳು. ಹಿಂದೆಯೇ ಸೋಮನಿಂಗ, ಬಗಲಲ್ಲಿ ಕುಂಕುಮ ಮೆತ್ತಿದ ಪುಸ್ತಕ.

"ಸಾಲಿ ಬಾಗಲಾ ಯಾಕ ಕಿತ್ತಿಯೋ?"

"ಪುಸ್ತಕದಾಗ ಇದ್ದಂಗ ಮಾಡೇವ್ರಿ. ಕಡ್ಡಿ ಬದಲಿ ಬಂಡಿ ಮೂಕಿ, ತೊಲಿ ಹಚ್ಚಿದ್ವಿ. ಕಡೀಕ ಕಡ್ಡಿ ಪೆಟಗಿ ಬಿಚ್ಚಿ ಮ್ಯಾಲ ಹಾಸ್ರಿ ಅಂತ ಐತಿ. ಊರಾಗ ಪೆಟಗಿ ಹಂಗ ಚೌಕ ಇರೂದು ಸಾಲಿ ಒಂದರಿ."

ಮಾಸ್ತರರು ಬಾಗಿಲು ಕೀಳಲು ಕುಕ್ಕರುಗಾಲಲ್ಲಿ ಕೂತರು. ಮೊಳೆ ಜಗ್ಗಲಿಲ್ಲ, ಧೋತರದ ಅಂಚು ಹರಿಯಿತು. ಅಷ್ಟರಲ್ಲಿ ದೂರದಿಂದ ಫಟಫಟಿಯ ಸಪ್ಪಳ.

"ಸಾಹೇಬ್ರು ಬಂದ್ರು. ವರ್ಗಾ ಹೋತು, ಇನ್ನ ನೌಕರೀನೂ ಹೋಗ್ತೈತಿ" ಎಂದರು ಮಾಸ್ತರರು. ಅವರ ಮುಖ ನೋಡಿ ಚಂದವ್ವನಿಗೆ ಕನಿಕರ ಬಂತು.

"ನೀವು ಸುಮ್ನಿರ್ರಿ. ನಾವು ಮಾತಾಡ್ತೇವಿ."

ಅಷ್ಟರಲ್ಲಿ ಊರೇ ದಂಡೆಗೆ ಬಂದು ನಿಂತಿತ್ತು. ಫಟಫಟಿ ಸೇತುವೆ ಏರಿತು. ಕಿರ್ ಎಂದಿತು, ಮುರಿಯಲಿಲ್ಲ. ಸಾಹೇಬರು ಕರಿಹಲಗೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗಿನ ಬರಹ ಓದಿದರು.

"ಇದೇನ್ರಿ?"

"ನಮ್ಮ ಮಾಸ್ತರ್ರು ಕಟ್ಟಿಸಿದ್ರಿ" ಎಂದಳು ಚಂದವ್ವ. "ಮಕ್ಕಳ ಪುಸ್ತಕ ಹಿಡಕೊಂಡು ಊರಿಗೆಲ್ಲಾ ಕಲಿಸಿದ್ರು."

"ಸೂಟ್ಯಾಗೂ ಮನಿಗೆ ಹೋಗ್ಲಿಲ್ರಿ" ಎಂದು ಸೋಮನಿಂಗ ಇನ್ನೊಂದು ಸುಳ್ಳು ಜೋಡಿಸಿದ.

"ಇಲ್ರಿ ಸಾಹೇಬ್ರ, ನಾ ಊರಾಗ ಇದ್ದಿದ್ದಿಲ್ರಿ" ಎಂದರು ಮಾಸ್ತರರು.

"ಹೆಸರಿನ ಆಸೆ ಇಲ್ದವರು, ಹಿಂಗ ಅಂತಾರ್ರಿ" ಎಂದು ಚಂದವ್ವ ಮುಗಿಸಿಬಿಟ್ಟಳು.

ಸಾಹೇಬರು ಪುಸ್ತಕ ತಿರುವಿ ಹಾಕಿದರು. ಉಬ್ಬಿಹೋದರು. "ಪುಸ್ತಕ ಗೆದ್ದಲಕ್ಕ ಹಾಕೋ ಮಾಸ್ತರ್ರನ್ನ ಬಾಳ ನೋಡೇನಿ. ಊರ ಕೈಗೆ ಕೊಟ್ಟವರನ್ನ ಇವತ್ತ ನೋಡಿದೆ. ಬಾಗಲಾ, ಹಲಗಿ ಹೊಸಾವು ಕೊಡಿಸ್ತೇನಿ. ಮತ್ತ ನಿಮ್ಮ ವರ್ಗಾದ ಅರ್ಜಿ..."

ಕಿಸೆಯಿಂದ ಮಡಿಸಿದ ಕಾಗದ ಹೊರಬಂತು. ಮಾಸ್ತರರ ಎದೆ ಕುಣಿಯಿತು. ಬಾಳಮ್ಮ, ಮಗಳು, ಮನೆಯ ಅಂಗಳ ಎಲ್ಲ ಕಣ್ಣ ಮುಂದೆ ಬಂದವು.

"ಹಲಸಂಗಿ ಆರ್ಡರು ತಂದಿದ್ದೆ" ಎಂದು ಸಾಹೇಬರು ಕಾಗದವನ್ನು ಮತ್ತೆ ಕಿಸೆಗೆ ಇಳಿಸಿದರು. "ಇಂಥವರನ್ನ ಬಿಟ್ಟುಕೊಟ್ರ ನನ್ನಂಥ ಹುಚ್ಚ ಇಲ್ಲ. ಹಳ್ಳ ದಾಟಿ ಸಾಲಿಗೆ ಹೋಗೋ ಊರು ಈ ತಾಲೂಕಿನ್ಯಾಗ ಇನ್ನ ಬಾಳ ಅದಾವ. ಎಲ್ಲಾ ಕಡೆ ಸೇತುವೆ ಕಟ್ಟಿಸ್ರಿ, ಆಮ್ಯಾಲ ಹೋಗೀರಂತ."

ಊರವರು ತಮಟೆ ಬಾರಿಸಿ ಮಾಸ್ತರರನ್ನು ಹೆಗಲ ಮೇಲೆ ಎತ್ತಿಕೊಂಡರು. ಅವರ ಕಣ್ಣೀರು ಸಂತೋಷದ್ದೆಂದೇ ಎಲ್ಲರೂ ತಿಳಿದರು. ಹೊತ್ತವರಲ್ಲಿ ಮುಂದಿದ್ದ ಸೋಮನಿಂಗ ಕತ್ತೆತ್ತಿ ಮೆಲ್ಲಗೆ ಕೇಳಿದ:

"ಮುಂದಿನ ಊರಾಗ ಸಾಲಿಗೆ ಎಷ್ಟು ಬಾಗಲಾ ಅದಾವ್ರಿ, ಮಾಸ್ತರ್ರ?"